ಬಾಗಿಲ ಹೊರಗೆ ಬಿಟ್ಟ ಬೂಟುಗಳು

ಕಡಿಮೆ ಖರ್ಚಿನಲ್ಲಿ ಅಮೆರಿಕ ಸುತ್ತುವವರು ಖಡಕ್ ರೊಟ್ಟಿ ಕಟ್ಟಿಕೊಂಡು ಹೊರಡಬೇಕು. ಕೆಡುವುದಿಲ್ಲ, ಭಾರವಿಲ್ಲ, ಮುರಿದರೂ ನಷ್ಟವಿಲ್ಲ. 2004ರಲ್ಲಿ ಅಕ್ಕ ಮತ್ತು ನಾನು ಲಾಸ್ ಏಂಜಲಿಸ್‌ನಲ್ಲಿ ಸ್ಯಾನ್ ಡಿಯೇಗೊ ರೈಲು ಹತ್ತಿದಾಗ ನಮ್ಮ ಬೆನ್ನುಚೀಲಗಳ ಅರ್ಧ ಭಾಗ ರೊಟ್ಟಿ, ಶೇಂಗಾ ಚಟ್ನಿಯೇ ಇತ್ತು. ಇಬ್ಬರಿಗೂ ಅರವತ್ತು ದಾಟಿತ್ತು.

ನಾವು ಇಳಿದುಕೊಂಡಿದ್ದು ವೆಸ್ಟ್ ಕೊವಿನಾದಲ್ಲಿ, ತಂಗಿಯ ಮಗಳ ಮನೆಯಲ್ಲಿ. ಅವಳು ರಜೆ ಸಿಕ್ಕಾಗಲೆಲ್ಲ ಕಾರಿನಲ್ಲಿ ಕೂರಿಸಿಕೊಂಡು ಊರು ತೋರಿಸುತ್ತಿದ್ದಳು. ಒಂದು ದಿನ ಅಕ್ಕ ಹೇಳಿದಳು: "ಕಾರಿನ ಕಾಜಿನ್ಯಾಗಿಂದ ನೋಡಿ ನೋಡಿ ಸಾಕಾತು. ನಾವಿಬ್ರ ಬಸ್ಸು, ರೈಲು ಹತ್ತಿ ಹೋಗಿ ಬರ್ತೀವಿ." ಧಾರವಾಡದ ದೊಡ್ಡ ಸಂಸಾರದಲ್ಲಿ ಅಕ್ಕ ಎಲ್ಲಿಗೆ ಹೋಗಬೇಕು, ಯಾವಾಗ ಮರಳಬೇಕು ಎಂಬುದನ್ನು ಯಾವಾಗಲೂ ಬೇರೆಯವರೇ ನಿರ್ಧರಿಸಿದ್ದರು. ತಾನೇ ಆರಿಸಿಕೊಂಡು ಹೊರಟ ಮೊದಲ ಪ್ರಯಾಣ ಇದು. ಸ್ಯಾನ್ ಡಿಯೇಗೊ ಬಳಿಯ ಟೊರ್ರಿ ಪೈನ್ಸ್ ಬೆಟ್ಟದ ಕೆಳಗಿನ ಸಮುದ್ರಕ್ಕೆ ಹೋಗಬೇಕೆಂಬುದೇ ಅವಳ ಆಸೆ. ತಂಗಿಯ ಮಗಳು ಒಪ್ಪಿದಳು, ಒಂದು ಷರತ್ತಿನ ಮೇಲೆ. ದಿನಾ ಬೆಳಿಗ್ಗೆ ಫೋನ್ ಮಾಡಬೇಕು. ಸ್ವಲ್ಪ ತೊಂದರೆಯಾದರೂ ಅವಳು ಕಾರು ತಂದು ನಮ್ಮನ್ನು ಮನೆಗೆ ಕರೆದೊಯ್ಯುತ್ತಾಳೆ.

ಸ್ಯಾನ್ ಡಿಯೇಗೊದಲ್ಲಿ ನಾವು ತಂಗಿದ್ದು ಪೇಟೆಯ ನಡುವಿನ ಒಂದು ಹಾಸ್ಟೆಲ್ಲಿನಲ್ಲಿ. ಒಂದೇ ಕೋಣೆಯಲ್ಲಿ ಹಲವು ಮಂಚ, ಎಲ್ಲರೂ ಹುಡುಗಿಯರು. ನಾನು ನರ್ಸಿಂಗ್ ಕಲಿತದ್ದು ಗಂಟೆ ಬಾರಿಸಿದರೆ ಏಳುವ, ಗಂಟೆ ಬಾರಿಸಿದರೆ ಉಣ್ಣುವ ವಸತಿಗೃಹದಲ್ಲಿ. ಆದ್ದರಿಂದ ಕೋಣೆ ನನಗೆ ಹೊಸದೆನಿಸಲಿಲ್ಲ. ಆದರೆ ಆ ಹುಡುಗಿಯರು ಬೀದಿಯ ಬೂಟನ್ನೇ ಹಾಕಿಕೊಂಡು ಮಂಚದವರೆಗೂ ಬರುತ್ತಿದ್ದರು. ನಾನು ನಮ್ಮಿಬ್ಬರ ಬೂಟುಗಳನ್ನು ಬಾಗಿಲ ಹೊರಗೆ, ಗೋಡೆಗೆ ಸರಿಯಾಗಿ ಜೋಡಿಸಿಟ್ಟು ಮಲಗಿದೆ.

ಬೆಳಿಗ್ಗೆ ಅಲ್ಲಿ ಏನೂ ಇರಲಿಲ್ಲ.

ಕೌಂಟರಿನಲ್ಲಿದ್ದಾತ ಸಮಾಧಾನದಿಂದ ವಿವರಿಸಿದ. ಹೊರಡುವವರು ಬೇಡವಾದ ವಸ್ತುಗಳನ್ನು ಹೊರಗಿಡುತ್ತಾರೆ, ಗುಡಿಸುವವರು ಅವನ್ನು ಅಡುಗೆಮನೆಯ ಪೆಟ್ಟಿಗೆಗೆ ಹಾಕುತ್ತಾರೆ, ಬೇಕಾದವರು ತೆಗೆದುಕೊಳ್ಳುತ್ತಾರೆ. ನಮ್ಮ ಕಡೆ ಹೊಸ್ತಿಲ ಹೊರಗೆ ಬಿಟ್ಟದ್ದು ಒಳಗೆ ಯಾರೋ ಇದ್ದಾರೆ ಎಂಬುದಕ್ಕೆ ಗುರುತು. ಅಲ್ಲಿ ಅದು ಬಿಟ್ಟುಹೋದವರ ಗುರುತು. ಯಾರನ್ನು ದೂರುವುದು?

ಪೆಟ್ಟಿಗೆಯಲ್ಲಿ ನನ್ನ ಬೂಟುಗಳಷ್ಟೇ ಸಿಕ್ಕವು. ಅಕ್ಕನವು ತಿಂಡಿಯ ಮೇಜಿನ ಕೆಳಗೆ, ಚಿನ್ನದ ಕೂದಲಿನ ಒಬ್ಬ ಹುಡುಗಿಯ ಕಾಲಲ್ಲಿದ್ದವು. ನಾನು ನೇರವಾಗಿ ಹೋಗಿ ಹೇಳಿದೆ. ಆ ಹುಡುಗಿ ನಾಚಿಕೆಯಿಂದ ಕೆಂಪಾಗಿ ಲೇಸು ಬಿಚ್ಚತೊಡಗಿದಳು. ಅಷ್ಟರಲ್ಲಿ ಅಕ್ಕ ಅವಳ ಭುಜ ಹಿಡಿದು ಅಚ್ಚ ಕನ್ನಡದಲ್ಲಿ, "ಕೂಡು ತಂಗಿ, ಕೂಡು. ನಿನಗ ಭೇಷ್ ಒಪ್ಯಾವ," ಎಂದಳು. ನನ್ನ ಕಡೆ ತಿರುಗಿ, "ಪೀಡಾ ಹೋತು. ತಂದಾಗಿಂದ ಬೆರಳು ಕಚ್ಚಾಕತ್ತಿದ್ದವು," ಎಂದಳು.

ಕಾಲು ನೋಡಿದೆ. ಕಿರುಬೆರಳಿನ ಮೇಲೆ ಗುಳ್ಳೆ ಒಡೆದು ಚರ್ಮ ಸುಲಿದಿತ್ತು.

"ಹೇಳಬಾರದೇನ ಅಕ್ಕಾ?"

"ಹೇಳಿದ್ರ ನೀ ಪಟ್ಟಿ ಕಟ್ಟಿ ಮಲಗಸ್ತಿದ್ದಿ."

ಅದು ನಿಜ. ಈಗಲೂ ಹಾಗೇ ಮಾಡಬೇಕೆಂದು ಮನಸ್ಸು ಹೇಳುತ್ತಿತ್ತು. ಅಕ್ಕ ಮಾತ್ರ ಸ್ನಾನಕ್ಕೆಂದು ತಂದಿದ್ದ ಹವಾಯಿ ಚಪ್ಪಲಿ ಮೆಟ್ಟಿ ನಿಂತಿದ್ದಳು.

"ಬಚ್ಚಲದ ಚಪ್ಪಲ್ಯಾಗ ಬೀದಿಗೆ ಬರ್ತಿಯೇನ?"

"ಈ ಊರಿಗೇನ ಗೊತ್ತದ ಇವು ಬಚ್ಚಲದವು ಅಂತ?"

ಅವನ್ನು ಕಿತ್ತುಕೊಂಡು ಸೋಪು ಹಚ್ಚಿ, ತಿಕ್ಕಿ ತೊಳೆದು, ಒರೆಸಿ ಕೊಟ್ಟೆ. ಗಾಯವನ್ನೂ ತೊಳೆದೆ.

ಇನ್ನು ಫೋನು. ಸುಳ್ಳು ನನಗೆ ಬರುವುದಿಲ್ಲ. ನಡೆದದ್ದನ್ನೆಲ್ಲ ಮಗಳಿಗೆ ಹೇಳಿಬಿಟ್ಟೆ.

"ಮಾವಶಿ, ಅಲ್ಲೇ ಕೂಡ್ರಿ. ನಾ ಹಾಫ್ ಡೇ ಹಾಕಿ ಡ್ರೈವ್ ಮಾಡ್ಕೊಂಡ್ ಬರ್ತೀನಿ. ಶೂಸ್ ಇಲ್ದ ಹೆಂಗ ಅಡ್ಡಾಡ್ತಾರ?"

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಷರತ್ತಿಗೆ ನಾನೇ ಒಪ್ಪಿದ್ದೆ. ಸರಿ ಎನ್ನಲು ಬಾಯಿ ತೆರೆದೆ. ಅಕ್ಕ ರಿಸೀವರನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಬೂಟಷ್ಟ ಹೋಗ್ಯಾವ, ಕಾಲು ಹೋಗಿಲ್ಲ. ನೀ ಬಂದ್ರ ನಾವಿಲ್ಲಿ ಇರಂಗಿಲ್ಲ, ಸುಮ್ನ ಪೆಟ್ರೋಲ್ ಸುಡಬ್ಯಾಡ. ಸಂಜಿಗೆ ಮಾತಾಡೋಣಂತ."

ಮಗಳು ಏನೋ ಹೇಳುತ್ತಿದ್ದಳು. ಅಕ್ಕ ಪೂರ್ತಿ ಕೇಳಿಸಿಕೊಂಡು, "ಹೂಂ, ಹುಷಾರಾಗಿ ಹೋಗ್ತೀವಿ," ಎಂದು ಫೋನ್ ಇಟ್ಟಳು. ಆಸ್ಪತ್ರೆಯ ವಾರ್ಡುಗಳಲ್ಲಿ ಎಷ್ಟೋ ಜನರ ಎದುರು ದನಿಯೆತ್ತಿದವಳು ನಾನು; ಆದರೂ ಅಷ್ಟು ಮೆತ್ತಗೆ, ಅಷ್ಟು ಗಟ್ಟಿಯಾಗಿ 'ಇಲ್ಲ' ಎನ್ನುವುದು ನನಗೆ ಬಂದಿಲ್ಲ.

ಬಸ್ಸು ಬದಲಿಸಿ ಟೊರ್ರಿ ಪೈನ್ಸ್ ತಲುಪುವವರೆಗೂ ಅಕ್ಕನೇ ಮುಂದೆ, ನಾನು ಹಿಂದೆ. ಡ್ರೈವರನಿಗೆ ಇಳಿಯಬೇಕಾದ ಜಾಗದ ಹೆಸರು ಹೇಳಿದವಳೂ ಅವಳೇ. ಕೆಂಪು ಮಣ್ಣಿನ ಕಡಿದಾದ ಬೆಟ್ಟ, ಅದರ ಬುಡದಲ್ಲೇ ಸಮುದ್ರ. ಜುಲೈ ತಿಂಗಳಾದರೂ ನೀರು ಕೊರೆಯುತ್ತಿತ್ತು. ಅಕ್ಕ ಸೀರೆಯ ನೆರಿಗೆ ಎತ್ತಿ ಹಿಡಿದು ಇಳಿದಳು. ಮೊದಲ ಅಲೆ ಕಾಲಿಗೆ ಬಡಿದಾಗ ಮುಖ ಕಿವುಚಿದಳು.

"ಉಪ್ಪು ನೀರು, ಉರೀತದೇನ?" ಎಂದು ದಡದಿಂದ ಕೂಗಿದೆ.

"ಉರೀತದ. ಉರೀಲಿ," ಎಂದು ಅಕ್ಕ ಇನ್ನೂ ಒಂದು ಹೆಜ್ಜೆ ಮುಂದಿಟ್ಟಳು.