ಅಪ್ಪನ ಓಲಾಟ

ನನ್ನಪ್ಪ ಬಾಣಾವರದಲ್ಲಿ ಟೈಲರ್. ನಲವತ್ತು ವರ್ಷ ಒಂದೇ ಮಿಷನ್ ತುಳಿದವರು. ಪಾರ್ಕಿನ್ಸನ್ ಕಾಯಿಲೆ ಬಂದ ಮೇಲೆ ಅವರ ಕಾಲು ನೆಲಕ್ಕೆ ಅಂಟಿಕೊಳ್ಳತೊಡಗಿತು. ಹೊಸ್ತಿಲು ದಾಟಲು ಐದು ನಿಮಿಷ ನಿಲ್ಲುತ್ತಿದ್ದರು. ಮಾತ್ರೆ ಶುರುವಾದಾಗ ಮತ್ತೆ ನಡೆದರು, ಮತ್ತೆ ಹೊಲಿದರು. ಐದಾರು ವರ್ಷ ಕಳೆದ ಮೇಲೆ ಅದೇ ಮಾತ್ರೆ ಇನ್ನೊಂದನ್ನು ತಂದಿತು. ನುಂಗಿದ ಮುಕ್ಕಾಲು ಗಂಟೆಗೆ ಕುತ್ತಿಗೆ ಓಲುತ್ತಿತ್ತು, ಭುಜ ತಿರುಚಿಕೊಳ್ಳುತ್ತಿತ್ತು, ಕೂತಲ್ಲೇ ಕಾಲು ತಾನೇ ತಾನಾಗಿ ಕುಣಿಯುತ್ತಿತ್ತು.

ಒಮ್ಮೆ ಬಸ್ತಿಹಳ್ಳಿಯ ಅತ್ತೆಯ ಮನೆಗೆಂದು ಹಳೇಬೀಡಿನ ಬಸ್ಸು ಹತ್ತಿದ್ದೆವು. ಪಕ್ಕದಲ್ಲಿದ್ದ ಹೆಂಗಸು ದಡಕ್ಕನೆ ಎದ್ದಳು.

"ಬೆಳಬೆಳಗ್ಗೇನೇ ಕುಡ್ಕೊಂಡು ಬಂದವ್ರೆ!"

ನಾನು ಜಗಳಕ್ಕೆ ಬಾಯಿ ತೆರೆದೆ. ಅಪ್ಪ ನನ್ನ ಕೈ ಅದುಮಿದರು. "ಕುಡಿದಿಲ್ಲ ಕಣವ್ವ, ಮಾತ್ರೆ ಆಡಿಸ್ತೈತೆ. ಕೂತ್ಕೋ, ನಿಂಗೇನೂ ತಾಗಲ್ಲ" ಎಂದರು. ಆಕೆ ನಾಚಿ ಕೂತಳು. ಇಳಿಯುವಾಗ ಅಪ್ಪನ ಚೀಲ ತಾನೇ ಹಿಡಿದು ಕೊಟ್ಟಳು.

ನನಗೆ ಮಾತ್ರ ತಡೆಯಲಾಗಲಿಲ್ಲ. ಡಾಕ್ಟರಲ್ಲಿ ಹಟ ಹಿಡಿದು ಮಾತ್ರೆ ಕಡಿಮೆ ಮಾಡಿಸಿದೆ. ಓಲಾಟ ನಿಂತಿತು. ಅದರೊಡನೆ ಅಪ್ಪನೂ ನಿಂತುಹೋದರು. ಮಂಚದಲ್ಲಿ ಮಗ್ಗುಲು ಬದಲಿಸಲೂ ನಾನು ಬೇಕಾಯಿತು. ಮುಖದಲ್ಲಿ ನಗು ಮೂಡದು, ಮಾತು ಗಂಟಲಲ್ಲೇ ಉಳಿಯಿತು. ವಾರವಾದ ಮೇಲೆ ಒಂದು ಮಧ್ಯಾಹ್ನ ಅವರ ತುಟಿ ಅಲುಗಿದ್ದು ಕಂಡು ಕಿವಿಯೊಡ್ಡಿದೆ.

"ನೋಡೋರಿಗೆ ಚೆಂದ ಕಾಣ್ಲಿ ಅಂತ ನನ್ನ ಕಟ್ಟಾಕ್ಬೇಡ ಕಣಮ್ಮ. ಆಡಿದ್ರೆ ಆಡ್ಲಿ."

ಮಾತ್ರೆ ಕಡಿಮೆ ಮಾಡಿಸಿದ್ದು ಅವರಿಗಾಗಿ ಅಲ್ಲ, ಬಸ್ಸಿನಲ್ಲಿ ನನಗಾದ ಅವಮಾನಕ್ಕಾಗಿ ಎಂದು ಆಗ ಹೊಳೆಯಿತು. ಮತ್ತೆ ಡಾಕ್ಟರ ಬಳಿ ಹೋದೆ. ಅವರು ಮೊದಲಿನಷ್ಟೇ ಮಾತ್ರೆಯನ್ನು ಸಣ್ಣ ಪಾಲು ಮಾಡಿ ದಿನಕ್ಕೆ ಆರು ಸಲ ಕೊಡಲು ಹೇಳಿದರು. ಓಲಾಟ ಪೂರ್ತಿ ಹೋಗಲಿಲ್ಲ, ಆದರೆ ಅಪ್ಪ ಎದ್ದರು.

ಅದೇ ವಾರ ಪಕ್ಕದ ಮನೆಯಾಕೆ ರವಿಕೆಗೆ ಹುಕ್ಕು ಹಾಕಿಸಲು ಬಂದರು. ಅಪ್ಪ ಸೂಜಿ ತೆಗೆದರು. ಮೈಯೆಲ್ಲ ಓಲುತ್ತಿತ್ತು.

"ದಾರ ನಾನು ಪೋಣಿಸ್ಲಾ ಅಪ್ಪ?"

"ತಡಿ."

ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಸೂಜಿ ದಾರ ಎರಡನ್ನೂ ಎದೆಯ ಹತ್ತಿರ ತಂದುಕೊಂಡರು. ಭುಜ ಬಲಕ್ಕೆ ಹೋಯಿತು, ಎಡಕ್ಕೆ ಬಂತು. ಅವರು ತಡೆಯಲಿಲ್ಲ, ಕೈಗಳೂ ಅದರ ಜೊತೆಗೇ ಹೋಗಿಬಂದವು. ಒಂದು ಓಲಾಟ ಮುಗಿದು ಇನ್ನೊಂದು ಏಳುವ ನಡುವಿನ ಚೂರು ಬಿಡುವಿನಲ್ಲಿ ದಾರ ಸೂಜಿಯ ಕಣ್ಣೊಳಗೆ ನುಸುಳಿತು. ಮೈತುಂಬ ಗಾಳಿ ಹೊಕ್ಕಿದ್ದ ಆ ಮನುಷ್ಯ ಅಷ್ಟು ಚಿಕ್ಕ ತೂತನ್ನು ಹೇಗೆ ಹಿಡಿದರೋ!

ಅಪ್ಪ ದಾರಕ್ಕೆ ಗಂಟು ಹಾಕುತ್ತಾ ಕೇಳಿದರು: "ಐದು ಹುಕ್ಕಾ, ಆರಾ?"