ಸಡಿಲ ಬಿಟ್ಟ ಹಾಸು

ದೊಡ್ಡಬಳ್ಳಾಪುರದ ನಾಗವೇಣಿ 1993ರಲ್ಲಿ ಬೆಂಗಳೂರಿನ ಮ್ಯಾರಥಾನ್‌ಗೆ ಹೆಸರು ಕೊಟ್ಟಾಗ, ಓಡಿ ಮುಗಿಸುತ್ತೇನೆಂಬುದರ ಬಗ್ಗೆ ಅವಳಿಗೆ ಅನುಮಾನವೇ ಇರಲಿಲ್ಲ. ಆರು ತಿಂಗಳಿಂದ ದಿನವೂ ಬೆಳಗ್ಗೆ ಹತ್ತಿರದ ಹಳ್ಳಿ ರಾಜಘಟ್ಟದವರೆಗೆ ಓಡಿ ಬಂದು, ಆಮೇಲೆ ಪವರ್‌ಲೂಮಿನ ಮುಂದೆ ಕೆಲಸಕ್ಕೆ ನಿಲ್ಲುತ್ತಿದ್ದಳು. ಇನ್ನು ಎರಡೇ ವಾರ ಉಳಿದಾಗ, ಕಾಲೇಜಿನಲ್ಲಿ ಓಟ ಕಲಿಸಿದ್ದ ಮೇಷ್ಟ್ರು ಪತ್ರ ಬರೆದರು: ಇನ್ನು ಓಟವನ್ನು ಅರ್ಧಕ್ಕಿಳಿಸು.

ನಾಗವೇಣಿ ಪತ್ರ ಮಡಿಸಿ ಗೂಡಿನಲ್ಲಿಟ್ಟು, ಮಾರನೆಯ ದಿನ ರಾಜಘಟ್ಟಕ್ಕೆ ಎರಡು ಸಲ ಓಡಿ ಹೋಗಿಬಂದಳು. ಮನೆಯ ಬಾಗಿಲಲ್ಲಿ ಮೀನಖಂಡ ಹಿಡಿದುಕೊಂಡು ಕುಳಿತೇಬಿಟ್ಟಳು.

"ಏನವ್ವಾ, ಕಾಲು ಮುಷ್ಕರ ಹೂಡ್ತಾ?" ಎಂದ ಅಪ್ಪ ಬೈಲಪ್ಪ. ಮೂವತ್ತು ವರ್ಷ ಕೈಮಗ್ಗದಲ್ಲಿ ಸೀರೆ ನೇಯ್ದವನು.

"ಓಟ ಅರ್ಧ ಮಾಡು ಅಂತ ಮೇಷ್ಟ್ರು ಬರೆದವ್ರೆ. ಈಗ ಕಮ್ಮಿ ಮಾಡಿದ್ರೆ ಇಷ್ಟು ದಿನ ಓಡಿದ್ದೆಲ್ಲ ಹೋಗ್ಬಿಡುತ್ತಪ್ಪಾ."

"ಅಮಾವಾಸ್ಯೆ ರಜಕ್ಕೆ ಮಗ್ಗದಿಂದ ಏಳೋವಾಗ ನಾನೇನು ಮಾಡ್ತಿದ್ದೆ, ಹೇಳು?"

ಅವಳಿಗೆ ನೆನಪಿತ್ತು. ಮಗ್ಗದ ಉದ್ದಕ್ಕೂ ಬಿಗಿದಿದ್ದ ಎಳೆಗಳನ್ನು ಅಪ್ಪ ಮರೆಯದೆ ಸಡಿಲಿಸುತ್ತಿದ್ದ. "ಹಾಸು ಸಡಿಲ ಬಿಡ್ತಿದ್ದೆ."

"ನೇಯ್ದಿದ್ದ ಸೀರೆ ಬಿಚ್ಕೊಂಡು ಹೋಗ್ತಿತ್ತಾ?"

"ಇಲ್ಲ."

"ಬಿಗಿಯಾಗೇ ಬಿಟ್ಟಿದ್ರೆ ಎಳೆ ಪಟಪಟ ಕಿತ್ಕೊಳ್ಳೋದು. ನಿಮ್ಮ ಮೇಷ್ಟ್ರಿಗೆ ನೇಯೋಕೆ ಬರಲ್ಲ, ಆದ್ರೂ ಸರಿಯಾಗೇ ಹೇಳವ್ರೆ ಕಣವ್ವಾ."

ನಾಗವೇಣಿಗೆ ನಗು ಬಂತು. ಎರಡು ದಿನ ಕಾಲಿಗೆ ಬಿಡುವು ಕೊಟ್ಟಳು. ಮೂರನೆಯ ಬೆಳಗ್ಗೆ ಹೊರಟವಳು ಅರ್ಧ ದಾರಿಯ ಹುಣಸೆಮರ ಮುಟ್ಟಿ ಹಿಂತಿರುಗಿದಳು. ನೋವು ಹೋಗಿತ್ತು; ಕಾಲು ಇನ್ನೂ ಓಡೋಣ ಎನ್ನುತ್ತಿತ್ತು. ಆ ಆಸೆಯನ್ನು ದಾರಿಯಲ್ಲಿ ಕಳೆಯದೆ, ಬೆಂಗಳೂರಿನ ಓಟಕ್ಕೆಂದು ಹಾಗೆಯೇ ಮನೆಗೆ ತಂದಳು.