ಮಿಕ್ಸರ್ ಜಾರಲ್ಲ, ರೈಲು

ಹೊನ್ನಾವರದ ನಮ್ಮ ಮನೆಯ ಮಾಳಿಗೆಯಲ್ಲಿ ಹಳೇ ಮಂಚದ ಮೇಲೊಂದು ರೈಲು ಓಡುತ್ತದೆ. ಅಂಗೈ ಅಗಲದ ಇಂಜಿನ್ನು, ಹಿಂದೆ ಬೋಗಿಗಳು, ಶರಾವತಿಯ ಸೇತುವೆ. ಸೇತುವೆ ಮಾಡಿದ್ದು ನಾನು, ಬಿದಿರಿನ ಕಡ್ಡಿ ಸೀಳಿ. ಐವತ್ತು ದಾಟಿದ ಹೆಂಗಸಿಗೆ ಇದೆಂತ ಮರುಳು ಎಂದು ಕೇಳುವವರು ಕೇಳಲಿ. ಹೊಲಿಗೆ ಮಾಡಿ ದುಡಿಯುವವಳು ನಾನು, ನನ್ನ ದುಡ್ಡಿನಲ್ಲಿ ನನಗೆ ಬೇಕಾದದ್ದು ತಗೊಳ್ಳುತ್ತೇನೆ.

ತಗೊಳ್ಳುವುದು ಭಟ್ಕಳದ ಪೇಟೆಯಲ್ಲಿ. ಅತ್ತರು, ಕಂಬಳಿ, ದುಬೈ ಚಾಕಲೇಟು ಮಾರುವ ಅಂಗಡಿ ಅದು. ಹಿಂದಿನ ಗಾಜಿನ ಕಪಾಟಿನಲ್ಲಿ ಮಾತ್ರ ರೈಲುಗಳು. ಗಲ್ಫಿನಲ್ಲಿರುವ ಅಂಗಡಿಯವರ ನೆಂಟರು ಊರಿಗೆ ಬರುವಾಗ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಂದದ್ದು. ಅಂಗಡಿಯ ಸಾಹೇಬರು ಒಳ್ಳೆಯ ಹಟಮಾರಿ. ನಮಗೆ ಬೇಕಾದ ಬೋಗಿ ಅವರಲ್ಲಿ ಇರುವುದೇ ಇಲ್ಲ. "ಮುಂದಿನ ತಿಂಗಳು ಬರ್ತದೆ ಅಕ್ಕ" ಎನ್ನುತ್ತಾರೆ, ಮುಂದಿನ ತಿಂಗಳು ಹೋದರೂ ಅದೇ ರಾಗ. ಆದರೆ ಮೇಜಿನ ಮೇಲೆ ಹಳಿ ಜೋಡಿಸಿ, ಗಿರಾಕಿಯ ಕೈಯಲ್ಲೇ ಓಡಿಸಿ ನೋಡದೆ ಒಂದು ಇಂಜಿನ್ನನ್ನೂ ಅವರು ಹೊರಗೆ ಕಳಿಸುವುದಿಲ್ಲ. ನಾನು ಅಲ್ಲಿಗೆ ಹೋಗುವುದೇ ಅದಕ್ಕೆ.

ಹಾಗೆ ಓಡಿಸುತ್ತ ನಿಂತಿದ್ದಾಗ ನಮ್ಮನೆಯವರ ಬ್ಯಾಂಕಿನ ಹಳೇ ಸಹೋದ್ಯೋಗಿಯೊಬ್ಬರು ನನ್ನನ್ನು ನೋಡಿದರಂತೆ. ಇಡಗುಂಜಿಯ ದೇವಸ್ಥಾನದಲ್ಲಿ ಇವರಿಗೆ ಸಿಕ್ಕಿ, ನಾಲ್ಕು ಜನರ ಎದುರಿಗೆ, "ನಿಮ್ಮ ಹೆಂಡತಿ ಭಟ್ಕಳದಲ್ಲಿ ಮಕ್ಕಳ ರೈಲು ಆಡಿಸ್ತಾ ಇದ್ರು" ಎಂದು ನಕ್ಕರಂತೆ. ನಮ್ಮನೆಯವರು ಮುಖ ಊದಿಸಿಕೊಂಡು ಮನೆಗೆ ಬಂದರು.

"ಇನ್ಮೇಲೆ ಭಟ್ಕಳ ಬೇಡ. ಆನ್‌ಲೈನಿನಲ್ಲಿ ನಾನೇ ತರಿಸಿಕೊಡ್ತೆ. ಕಡಿಮೆಗೂ ಸಿಗ್ತದೆ, ಬಾಗಿಲಿಗೂ ಬರ್ತದೆ. ಯಾರಿಗೂ ಗೊತ್ತಾಗೂದಿಲ್ಲ."

ಜಗಳ ಬೇಡ ಎಂದು ನಾನೂ ಹೂಂ ಅಂದೆ.

ಪಾರ್ಸೆಲ್ಲು ಬಂದ ದಿನ ನಾನು ಅಸ್ತರಿನ ಬಟ್ಟೆ ತರಲು ಕುಮಟೆಗೆ ಹೋಗಿದ್ದೆ. ಪಕ್ಕದ ಮನೆಯಾಕೆ ತೆಗೆದಿಟ್ಟುಕೊಂಡು, ಆಮೇಲೆ ತಂದು ನಮ್ಮನೆಯವರ ಕೈಗೆ ಕೊಟ್ಟಿದ್ದಳು. ಸಂಜೆ ಡಬ್ಬಿ ಬಿಚ್ಚಿದೆ. ಸುಳ್ಳು ಯಾಕೆ ಹೇಳಲಿ, ಚೆಂದದ ಇಂಜಿನ್ನು. ಮುಂದೆ ದೀಪ ಹೊತ್ತುತ್ತಿತ್ತು, ಸದ್ದಿಲ್ಲದೆ ಸೇತುವೆ ದಾಟಿತು. ಅದರಲ್ಲಿ ಕುಂದು ಹುಡುಕಲು ಹೋದರೆ ನನ್ನ ಬಾಯಿಗೇ ಹುಳ ಬೀಳಬೇಕು.

ಮರುದಿನ ಬೆಳಿಗ್ಗೆ ಪಕ್ಕದ ಮನೆಯಾಕೆ ನೆನೆಸಿದ ಉದ್ದಿನಬೇಳೆಯ ಪಾತ್ರೆ ಹಿಡಿದುಕೊಂಡು ಬಂದು ನಿಂತಳು.

"ನಮ್ಮ ಜಾರ್ ಒಡ್ದು ಹೋಯ್ತು ಅಕ್ಕ. ನಿಮ್ಮದು ಹೊಸದು ಬಂತಲ್ಲ, ಒಂಚೂರು ರುಬ್ಬಿಕೊಡಿ."

"ಎಂತ ಹೊಸದು?"

"ಮಿಕ್ಸರ್ ಜಾರ್. ನಿನ್ನೆ ಪಾರ್ಸೆಲ್ ಕೊಡುವಾಗ ಅಣ್ಣ ಹೇಳಿದ್ರಲ್ಲ."

ಅಣ್ಣ ಅಲ್ಲೇ ಜಗಲಿಯಲ್ಲಿ ಪೇಪರು ಅಡ್ಡ ಹಿಡಿದು ಕೂತಿದ್ದರು. ಕಿವಿ ಕೇಳದವರ ಹಾಗೆ.

ಅವಳನ್ನು ಮಾಳಿಗೆಗೆ ಕರೆದುಕೊಂಡು ಹೋಗಿ ರೈಲು ಬಿಟ್ಟೆ. ಪಾತ್ರೆಯನ್ನು ಸೊಂಟಕ್ಕೆ ಒತ್ತಿಕೊಂಡು ನೋಡಿದಳು. "ಇದ್ರಲ್ಲಿ ಉದ್ದು ರುಬ್ಬೂಕೆ ಬರೂದಿಲ್ಲ ಅಲ್ದಾ" ಅಂದಳು. ಆಮೇಲೆ, "ಇನ್ನೊಂದು ಸಲ ಬಿಡಿ ಕಾಂಬ" ಅಂದಳು. ಉದ್ದನ್ನು ನಮ್ಮ ಹಳೇ ಜಾರಿನಲ್ಲೇ ರುಬ್ಬಿಕೊಟ್ಟೆ.

ಅವಳು ಹೋದ ಮೇಲೆ ಪೇಪರು ಕಿತ್ತು ಬದಿಗಿಟ್ಟೆ.

"ನನ್ನ ರೈಲನ್ನು ಜಾರ್ ಅಂತ ಎಂತಕ್ಕೆ ಹೇಳಿದ್ರಿ?"

"ಮತ್ತೆಂತ ಹೇಳೂದು? ನಾಚಿಕೆ ಆಗ್ತದೆ ಮಾರಾಯ್ತಿ."

ನಾಚಿಕೆಯಂತೆ. ಇವರು ಯಕ್ಷಗಾನ ನೋಡಲು ಊರೂರು ಸುತ್ತುತ್ತಾರೆ. ಬಂದು ಹಗಲಿಡೀ ನಿದ್ದೆ ಹೊಡೆಯುತ್ತಾರೆ. ಯಾರಾದರೂ ಕೇಳಿದರೆ, ನಮ್ಮನೆಯವರು ಆಟಕ್ಕೆ ಹೋಗಿದ್ದರು ಎಂದೇ ನಾನು ಹೇಳಿದ್ದು. ನಾಚಿಕೆಯಾಗುತ್ತದೆಂದು ಆಸ್ಪತ್ರೆಗೆ ಹೋಗಿದ್ದರು ಎಂದವಳಲ್ಲ. ಅವರದು ಕಲೆ, ನನ್ನದು ಮುಚ್ಚಿಡುವ ಮಾಲು. ಆನ್‌ಲೈನು ಅಗ್ಗ ಎಂದದ್ದೆಲ್ಲ ಬರೀ ಮಾತು. ಅವರಿಗೆ ಬೇಕಾದದ್ದು, ನನ್ನ ಖುಷಿ ಯಾರ ಕಣ್ಣಿಗೂ ಬೀಳದ ಹಾಗೆ ಒಳಗೆ ಬರಬೇಕು ಎನ್ನುವುದು. ಅಷ್ಟು ಕದ್ದು ತರಬೇಕಾದರೆ ಆ ರೈಲು ನನಗೆ ಬೇಡವೇ ಬೇಡ ಎನಿಸಿತು. ಆದರೆ ಈ ಮರುಳು ಬಿಡುವವಳು ನಾನಲ್ಲ.

ಬಾಕಿ ಇದ್ದ ರವಿಕೆಗಳಿಗೆ ಗುಂಡಿ ಹಾಕಿ ಮುಗಿಸಿ, ಇವರಿಗೆ ಹೇಳಿಯೇ ಮತ್ತೆ ಭಟ್ಕಳದ ಬಸ್ಸು ಹತ್ತಿದೆ.

ಸಾಹೇಬರಲ್ಲಿ ಆ ದಿನ ಇದ್ದದ್ದು ಒಂದು ಹಸಿರು ಇಂಜಿನ್ನು. ಆನ್‌ಲೈನಿನದರಷ್ಟು ನಯ ಇಲ್ಲ, ಬೆಲೆ ಅದಕ್ಕಿಂತ ಜಾಸ್ತಿ. ಅಂಗಡಿ ತುಂಬ ಜನರಿದ್ದರು. ಎಲ್ಲರ ನಡುವೆ ಬಗ್ಗಿ ನಿಂತು, ಮನಸ್ಸು ತುಂಬುವಷ್ಟು ಓಡಿಸಿದೆ. ನೋಡುವವರು ನೋಡಿದರು, ಯಾರ ಗಂಟೂ ಹೋಗಲಿಲ್ಲ.

ಸಾಹೇಬರು ಡಬ್ಬಿಗೆ ಪೇಪರು ಸುತ್ತಿ, ದಾರ ಕಟ್ಟಿ, ಕಪ್ಪು ಪ್ಲಾಸ್ಟಿಕ್ ಕವರಿಗೆ ಇಳಿಸಿದರು. ಔಷಧಿ ಅಂಗಡಿಯಲ್ಲಿ ಹೆಂಗಸರ ಪ್ಯಾಡನ್ನು ಸುತ್ತಿಕೊಡುತ್ತಾರಲ್ಲ, ಹಾಗೆ.

"ಇದೆಂತಕ್ಕೆ ಸಾಹೇಬ್ರೆ?"

"ಬಸ್ಸಿನಲ್ಲಿ ಹೋಗೂದಲ್ಲ ಅಕ್ಕ, ಜನ ನೋಡ್ತಾರೆ."

ಮರ್ಯಾದೆಯಿಂದಲೇ ಹೇಳಿದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ.

"ನೋಡಲಿ. ಕವರ್ ಬೇಡ, ಪೇಪರೂ ಬೇಡ."

ಸಾಹೇಬರು ಕತ್ತರಿ ತೆಗೆದರು. "ಆತು" ಎಂದು ದಾರ ಕತ್ತರಿಸಿದರು.

ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಮೇಲೆ ದೊಡ್ಡದಾಗಿ ಹಸಿರು ಇಂಜಿನ್ನಿನ ಚಿತ್ರ. ಮಂಕಿ ಊರು ದಾಟುವವರೆಗೂ ಪಕ್ಕದಲ್ಲಿದ್ದ ಮೀನು ಮಾರುವ ಹೆಂಗಸು ಅದನ್ನೇ ನೋಡುತ್ತಿದ್ದಳು. ನಾನು ಡಬ್ಬಿಯನ್ನು ಅವಳ ಕಡೆಗೆ ಸ್ವಲ್ಪ ತಿರುಗಿಸಿದೆ.

ಹೊನ್ನಾವರದ ಸ್ಟ್ಯಾಂಡಿನಲ್ಲಿ ನಮ್ಮನೆಯವರು ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಜೊತೆಗೆ ಬೆಳಗಿನ ವಾಕಿಂಗಿನ ಗೆಳೆಯರಿಬ್ಬರು, ಕೈಯಲ್ಲಿ ಚಾ ಲೋಟ. ಡಬ್ಬಿ ಕಂಡದ್ದೇ ನಮ್ಮನೆಯವರ ಮುಖ ಇಳಿಯಿತು.

"ಓಹೋ, ರೈಲು. ಯಾರಿಗೆ, ಮೊಮ್ಮಗನಿಗಾ?" ಎಂದು ಒಬ್ಬರು ಕೇಳಿದರು.

"ಹಾಂ, ಯಾರೋ ಹೇಳಿ ತರಿಸಿದ್ದು" ಎಂದು ನಮ್ಮನೆಯವರು ಅವಸರ ಮಾಡಿದರು.

"ಯಾರೂ ಹೇಳಿದ್ದಲ್ಲ" ಅಂದೆ. "ನಂದು. ನಾನು ಆಡೂಕೆ ತಂದದ್ದು."

ಚಾ ಕುಡಿಯುತ್ತಿದ್ದವರು ಲೋಟ ಕೆಳಗಿಳಿಸಿದರು. ನಾನು ಸ್ಕೂಟರಿನ ಹಿಂದೆ ಹತ್ತಿ ಕೂತೆ, ಡಬ್ಬಿಯ ಚಿತ್ರ ಹೊರಗಡೆ ಮಾಡಿಕೊಂಡು.

"ಹಿಂದಿನ ರಸ್ತೆಯಲ್ಲಿ ಹೋಗುವಾ" ಎಂದು ನಮ್ಮನೆಯವರು ಮೆಲ್ಲಗೆ ಹೇಳಿದರು.

"ಪೇಟೆಯಲ್ಲೇ ಹೋಗಿ" ಅಂದೆ. "ನಿಧಾನ ಹೋಗಿ."